ಗೆಡ್ಡೆಗೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ. ಕೆಲವು ವಾರಗಳಿಂದ ಹೊಟ್ಟೆನೋವಿದ್ದು, ಬಲಭಾಗದಲ್ಲಿ ಕೈಗೆ ಸಿಗುವ ಗೆಡ್ಡೆ ದಿನೇ ದಿನೇ ದೊಡ್ಡದಾಗುತ್ತಿದೆ. ಮೊದಲು ಕರುಳಿನ ಕ್ಷಯವೆಂದು ಅನುಮಾನಿಸಿದ್ದರು. ಎಫ್‌ಎನ್‌ಎಸಿ (ತೆಳುಸೂಜಿಯಿಂದ ಜೀವಕೋಶ ಹೀರಿ ಮಾಡುವ ಪರೀಕ್ಷೆ) ವರದಿಯಲ್ಲಿ ‘ಲಿಂಫೋಮಾ, ಬರ್ಕಿಟ್ ಇರಬಹುದು’ ಎಂದಿದೆ. ಈಗ ಬಯಾಪ್ಸಿ ಆಗಬೇಕೆನ್ನುತ್ತಾರೆ. ಮತ್ತೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆಂದು ಮನೆಯ ಹಿರಿಯರು ಒಪ್ಪುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ಬಯಾಪ್ಸಿಗೆ ಇಂದೇ ಒಪ್ಪಿಗೆ ಕೊಡಿ. ಲಿಂಫೋಮಾ ಬಿಳಿರಕ್ತಕಣಗಳಲ್ಲೇ ಹುಟ್ಟುವ ಕ್ಯಾನ್ಸರ್. ರಕ್ತ ಮತ್ತು ದುಗ್ಧರಸದೊಡನೆ ತಾನಾಗಿಯೇ ಸಂಚರಿಸಬಲ್ಲ ಅದಕ್ಕೆ ಹರಡಲು ಸೂಜಿಯ ನೆರವು ಬೇಕಿಲ್ಲ. ಹಿರಿಯರ ಆತಂಕ ಅರ್ಥವಾಗುತ್ತದೆ, ಆದರೆ ಇಲ್ಲಿ ಅಪಾಯವಿರುವುದು ತಡಮಾಡುವುದರಲ್ಲಿ.

ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಉಗಾಂಡಾದ ಮಕ್ಕಳ ದವಡೆಯಲ್ಲಿ ಗುರುತಿಸಿ 1958ರಲ್ಲಿ ವರದಿ ಮಾಡಿದ ಬರ್ಕಿಟ್ ಲಿಂಫೋಮಾ ಎಂಬ ಈ ಅಪರೂಪದ ಕಾಯಿಲೆ, ಆಫ್ರಿಕಾದ ಹೊರಗೆ ಹೆಚ್ಚಾಗಿ ಹೊಟ್ಟೆಯಲ್ಲಿ, ಅದರಲ್ಲೂ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಕರುಳಿನ ಕ್ಷಯವೂ ಸಾಮಾನ್ಯವಾಗಿ ಅಲ್ಲೇ ಬರುವುದರಿಂದ ಮೊದಲ ವೈದ್ಯರ ಅನುಮಾನವನ್ನು ನಾನು ತಪ್ಪೆನ್ನಲಾರೆ. ಆದರೆ ಕ್ಷಯ ನಿಧಾನವಾಗಿ ಬೆಳೆಯುತ್ತದೆ. ಬರ್ಕಿಟ್ ಗೆಡ್ಡೆ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲದು.

ಎಫ್‌ಎನ್‌ಎಸಿಯಲ್ಲಿ ಸಿಗುವುದು ಬಿಡಿಬಿಡಿ ಜೀವಕೋಶಗಳು ಮಾತ್ರ. ಬಯಾಪ್ಸಿಯ ತುಣುಕಿನಲ್ಲಿ ಅಂಗಾಂಶದ ಒಟ್ಟು ರಚನೆ ಕಾಣುವುದಲ್ಲದೆ, ಕೋಶಗಳ ಪ್ರೋಟೀನ್‌ಗಳನ್ನು ಬಣ್ಣದಿಂದ ಪತ್ತೆಹಚ್ಚುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಪರೀಕ್ಷೆಯಿಂದ ಸಿಡಿ20, ಸಿಡಿ10 ಎಂಬ ಪ್ರೋಟೀನ್ ಗುರುತುಗಳನ್ನೂ, ಬರ್ಕಿಟ್‌ನಲ್ಲಿ ಸುಮಾರು 100 ಪ್ರತಿಶತ ಮುಟ್ಟುವ ಕೆಐ-67 ಪ್ರಮಾಣವನ್ನೂ (ವಿಭಜನೆಯಾಗುತ್ತಿರುವ ಕೋಶಗಳ ಪಾಲು), ಫಿಶ್ ಎಂಬ ಜೀನ್ ಪರೀಕ್ಷೆಯಿಂದ ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಮಿಕ್ ಜೀನಿನ ಸ್ಥಾನಪಲ್ಲಟವನ್ನೂ ನೋಡಬಹುದು. ನೋಡಲು ಇದನ್ನೇ ಹೋಲುವ ಬೇರೆ ಲಿಂಫೋಮಾಗಳಿವೆ. ಅವುಗಳಲ್ಲಿ ಕೆಲವಕ್ಕೆ ಸಾಕಾಗುವ ಆರ್-ಚಾಪ್ ಎಂಬ ಹಲವು ಔಷಧಿಗಳ ಕಿಮೊಥೆರಪಿ ಬರ್ಕಿಟ್‌ಗೆ ಸಾಲದು. ಹೆಸರು ಖಚಿತವಾಗಬೇಕೆಂದು ವೈದ್ಯರು ಹಟ ಹಿಡಿಯುವುದು ಇದಕ್ಕಾಗಿಯೇ.

ತಜ್ಞರು ಹೇಳದ ಹೊರತು ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಕೊಡಿಸಬೇಡಿ. ಗೆಡ್ಡೆ ತಾತ್ಕಾಲಿಕವಾಗಿ ಕರಗಿ ಪರೀಕ್ಷೆಯ ಫಲಿತಾಂಶವೇ ಅಸ್ಪಷ್ಟವಾಗಬಹುದು. ಎಲ್‌ಡಿಎಚ್ (ಕೋಶಗಳು ನಾಶವಾದಾಗ ರಕ್ತದಲ್ಲಿ ಏರುವ ಕಿಣ್ವ), ಯೂರಿಕ್ ಆಮ್ಲ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಎಚ್‌ಐವಿ, ಹೆಪಟೈಟಿಸ್-ಬಿ ಪರೀಕ್ಷೆಗಳು ಈಗಲೇ ಆಗಲಿ. ವೇಗವಾಗಿ ಸಾಯುವ ಕ್ಯಾನ್ಸರ್ ಕೋಶಗಳಿಂದ ಬಿಡುಗಡೆಯಾಗುವ ಪದಾರ್ಥಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಆದ್ದರಿಂದ ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಅಸ್ಥಿಮಜ್ಜೆ ಮತ್ತು ಬೆನ್ನುಹುರಿ ದ್ರವದ ಪರೀಕ್ಷೆಯೂ ಬೇಕಾಗುತ್ತದೆ, ಹೆದರಬೇಡಿ. ಸಂಕೋಚದಿಂದ ಮನೆಯವರು ಕೇಳದೇ ಬಿಡುವ ಇನ್ನೊಂದು ವಿಷಯವಿದೆ: ಕಿಮೊಥೆರಪಿಗೆ ಮೊದಲು ವೀರ್ಯ ಸಂಗ್ರಹಿಸಿಡಲು ಸಾಧ್ಯವೇ ಎಂದು ವೈದ್ಯರನ್ನು ವಿಚಾರಿಸಿ.

ಸಕಾಲದಲ್ಲಿ ತೀವ್ರ ಕಿಮೊಥೆರಪಿ ಪಡೆದ ಯುವಕರಲ್ಲಿ ಹೆಚ್ಚಿನವರು ಪೂರ್ಣ ಗುಣವಾಗುತ್ತಾರೆ. ಬಯಾಪ್ಸಿಯ ಸ್ಲೈಡುಗಳ ಜೊತೆ ಪ್ಯಾರಾಫಿನ್ ಬ್ಲಾಕನ್ನೂ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಣುಕು) ಕೇಳಿ ಪಡೆದು, ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗೆ ತಮ್ಮನನ್ನು ಕರೆದೊಯ್ಯಿರಿ.