ಪ್ರಶ್ನೋತ್ತರ: ನಮ್ಮ ಜಾಗ ಪೂರರೇಷೆಯ ಒಳಗೋ, ಹೊರಗೋ?

ಪ್ರಶ್ನೆ: ಕೃಷ್ಣೆಯ ದಂಡೆಯಿಂದ 600 ಮೀಟರ್ ದೂರದಲ್ಲಿ ಐದು ಗುಂಟೆ ಜಾಗ ನೋಡಿದ್ದೇವೆ. ಇಷ್ಟು ದೂರ ಇದ್ದ ಮೇಲೆ ನೀಲಿ ರೇಷೆಯ (ಪೂರದ, ಅಂದರೆ ನೆರೆಯ, ಗಡಿಗೆರೆಯ) ಹೊರಗೇ ಎಂದು ಮಾರುವವರು ಹೇಳುತ್ತಾರೆ. ಆದರೆ 2019ರ ಮಹಾಪೂರದಲ್ಲಿ ದಂಡೆಗೆ ಹತ್ತಿರದ ಮನೆಗಳು ಉಳಿದವು, ಈ ಜಾಗ ಮುಳುಗಿತು ಎನ್ನುತ್ತಾರೆ ಅಕ್ಕಪಕ್ಕದವರು. ಯಾವುದನ್ನು ನಂಬಬೇಕು?
– ಓದುಗರು, ಕುರುಂದವಾಡ

ಉತ್ತರ: ಅಕ್ಕಪಕ್ಕದವರನ್ನು. ಪೂರ ಬಂದಾಗಲೆಲ್ಲ ಹೊಳೆ ತನ್ನ ದಪ್ಪ ಮರಳನ್ನು ದಂಡೆಯ ಮೇಲೇ ಬಿಟ್ಟು ಹೋಗುತ್ತದೆ. ಹಾಗಾಗಿ ಎಷ್ಟೋ ಕಡೆ ದಂಡೆ ಎತ್ತರ, ಅದರ ಹಿಂದಿನ ಬಯಲು ತಗ್ಗು. ಆ ತಗ್ಗಿಗೆ ನೀರು ದಂಡೆ ಹಾರಿ ಬರಬೇಕೆಂದಿಲ್ಲ; ಹಳ್ಳದ ಬಾಯಿಂದ ಹಿಂದಕ್ಕೆ ಏರಿ ಬರುತ್ತದೆ.

ಮಹಾರಾಷ್ಟ್ರದಲ್ಲಿ ಸರಾಸರಿ 25 ವರ್ಷಕ್ಕೊಮ್ಮೆ ಬರುವ ಪೂರ, ಅಥವಾ ಹೊಳೆಯ ಪಾತ್ರ ಹಿಡಿಸುವ ನೀರಿನ ಒಂದೂವರೆ ಪಟ್ಟು, ಇವೆರಡರಲ್ಲಿ ಯಾವುದು ದೊಡ್ಡದೋ ಅದು ಮುಟ್ಟುವ ಮಟ್ಟವೇ ನೀಲಿ ರೇಷೆ. ಕೆಂಪು ರೇಷೆ 100 ವರ್ಷದ ಪೂರದ್ದು. 25 ವರ್ಷದ್ದು ಎಂದರೆ ಒಮ್ಮೆ ಬಂದು 25 ವರ್ಷ ಸುಮ್ಮನಿರುತ್ತದೆ ಎಂದಲ್ಲ. ಪ್ರತಿ ವರ್ಷವೂ ಶೇ. 4ರ ಸಾಧ್ಯತೆ, 30 ವರ್ಷ ಒಂದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ನೀರು ಕಾಣುವ ಸಾಧ್ಯತೆ ಸುಮಾರು ಶೇ. 70.

ಪಾಟಬಂಧಾರೆ (ನೀರಾವರಿ) ಖಾತೆಯ ಪೂರರೇಷೆ ನಕಾಶೆ ನೋಡುವಾಗ ಗೆರೆಯನ್ನಷ್ಟೇ ನೋಡಿ ಬರಬೇಡಿ. ನಿಮ್ಮ ಜಾಗದ ಮೇಲ್ಗಡೆಯ ಮತ್ತು ಕೆಳಗಡೆಯ ಅಡ್ಡಛೇದಗಳಲ್ಲಿ (ಹೊಳೆಯನ್ನು ಅಡ್ಡಲಾಗಿ ಅಳೆದ ಗೆರೆಗಳಲ್ಲಿ) ಪೂರದ ಮಟ್ಟ ಎಷ್ಟೆಂದು ಬರೆದುಕೊಳ್ಳಿ. ಲೆಕ್ಕ ತಿಳಿಯಲು ಒಂದು ಉದಾಹರಣೆ: ಮೇಲಿನ ಛೇದದಲ್ಲಿ ಮಟ್ಟ ಸಮುದ್ರಮಟ್ಟದಿಂದ 540.20 ಮೀಟರ್, ಕೆಳಗಿನದರಲ್ಲಿ 539.96, ನಡುವೆ ಹೊಳೆಯ ಉದ್ದ 1,200 ಮೀಟರ್. ಜಾಗ ಮೇಲಿನ ಛೇದದಿಂದ 400 ಮೀಟರ್ ಕೆಳಗಿದ್ದರೆ ಇಳಿತದ ಮೂರನೇ ಒಂದು ಪಾಲು, ಅಂದರೆ 0.08 ಕಳೆಯಿರಿ. ಅಲ್ಲಿ ಪೂರದ ಮಟ್ಟ 540.12. ಇನ್ನು ಸರ್ವೇಯರ್‌ನಿಂದ ಆಟೋ ಲೆವೆಲ್ (ಎತ್ತರ ಅಳೆಯುವ ದುರ್ಬೀನು) ಹಾಕಿಸಿ, ಎತ್ತರ ಗೊತ್ತಿರುವ ಹತ್ತಿರದ ಬೆಂಚ್ ಮಾರ್ಕ್‌ನಿಂದ ನೆಲದ ಮಟ್ಟ ತರಿಸಿ. ಅದು 538.80 ಬಂದರೆ ಅಂಗಳದಲ್ಲಿ 1.32 ಮೀಟರ್ ನೀರು, ಎದೆಮಟ್ಟ. ಲೆವೆಲ್ ಹಿಡಿದವರು ಹೊರಟ ಬೆಂಚ್ ಮಾರ್ಕ್‌ಗೇ ಮರಳಿ ಬಂದು ಮುಗಿಸಲೇಬೇಕು. ತಪ್ಪು ಸಿಕ್ಕಿಬೀಳುವುದು ಅಲ್ಲೇ.

ಎಡವುವ ಜಾಗ ಮೂರು. ಸಾಂಗಲಿಯ ಐರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ, ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ (ಅಡ್ಡಗಟ್ಟೆಯಲ್ಲಿ) 43 ಅಡಿ ಎಂದು ಸುದ್ದಿಯಲ್ಲಿ ಬರುವುದು ಆಯಾ ಅಳತೆಪಟ್ಟಿಯ ಸೊನ್ನೆಯಿಂದ ಎಣಿಸಿದ್ದು. ಸಮುದ್ರಮಟ್ಟದ ಮೀಟರಿಗೆ ಅದನ್ನು ನೇರವಾಗಿ ಹೋಲಿಸಬಾರದು. ಜಿಪಿಎಸ್ ಉಪಕರಣದ ಕಚ್ಚಾ ಎತ್ತರ ಸಮುದ್ರಮಟ್ಟದ ಲೆಕ್ಕಕ್ಕಿಂತ ಹತ್ತಾರು ಮೀಟರ್ ಬೇರೆ ಇರುತ್ತದೆ. ಪುಕ್ಕಟೆ ಸಿಗುವ ಉಪಗ್ರಹದ ಎತ್ತರಗಳಲ್ಲಿ ಹಲವು ಮೀಟರ್ ವ್ಯತ್ಯಾಸ ಇರಬಹುದು, ಮರದ ತುದಿಯೇ ನೆಲವೆಂದು ದಾಖಲಾಗಿರಲೂಬಹುದು. ಅರ್ಧ ಮೀಟರಿನ ಪ್ರಶ್ನೆಗೆ ಅದರಿಂದ ಉತ್ತರ ಹುಡುಕುವುದು ಅಪಾಯ.

ಪ್ರಶ್ನೆ: ನೀಲಿ ರೇಷೆಯೊಳಗಿನ ಹೊಲಕ್ಕೆ ಮುರುಮ್ (ಗರಸು ಮಣ್ಣು) ತುಂಬಿ ಏರಿಸಿದರೆ ಮನೆ ಕಟ್ಟಬಹುದಲ್ಲವೇ?
– ಓದುಗರು, ಶಿರೋಳ

ಉತ್ತರ: ಬೇಡ. ಎರಡೂ ದಂಡೆಯ ನೀಲಿ ರೇಷೆಗಳ ನಡುವಿನದು ನಿಷೇಧಿತ ವಲಯ; ಬಯಲು, ಉದ್ಯಾನ, ಬೆಳೆಗಳಿಗೆ ಬಿಟ್ಟದ್ದು. ಪೂರ ಹರಿದುಹೋಗುವ ದಾರಿಯೇ ಅದು. ಅಗಲ, ಇಳಿಜಾರು, ನೆಲದ ಒರಟುತನ ಒಂದೇ ಇದ್ದರೆ ಎರಡು ಮೀಟರ್ ಆಳದ ಪಟ್ಟಿಯಲ್ಲಿ ಒಂದು ಮೀಟರ್ ಆಳದ್ದಕ್ಕಿಂತ ಮೂರು ಪಟ್ಟು ನೀರು ಸಾಗುತ್ತದೆ. ಅಂಥ ಆಳದ ಪಟ್ಟಿಯನ್ನು ತುಂಬಿದರೆ ಅಲ್ಲಿ ಸಾಗಬೇಕಿದ್ದ ನೀರು ಎದುರು ದಂಡೆಯವರ ಮೇಲೆ, ಮೇಲ್ಗಡೆಯವರ ಮೇಲೆ ಏರುತ್ತದೆ. ಒಬ್ಬರು ತುಂಬಿದ್ದು ಸೆಂಟಿಮೀಟರ್ ಲೆಕ್ಕದಲ್ಲೂ ಕಾಣದಿರಬಹುದು. ನಕಾಶೆ ಮಾಡುವವರು ಎಲ್ಲರೂ ತುಂಬಿದರೆ ಏನಾದೀತೆಂದು ನೋಡುತ್ತಾರೆ. ಅಮೆರಿಕದಲ್ಲಿ ಎರಡೂ ಕಡೆಯಿಂದ ಒತ್ತುತ್ತ ಬಂದು, 100 ವರ್ಷದ ಪೂರದ ಮಟ್ಟ ಒಂದು ಅಡಿ ಏರುವಲ್ಲಿ ನಿಲ್ಲಿಸಿ, ಉಳಿದದ್ದನ್ನು ಪೂರದ ಹಾದಿ ಎಂದು ಕಾಯ್ದಿಡುತ್ತಾರೆ. ಸೇತುವೆಗೆ ಹೋಗುವ ಏರಿ ರಸ್ತೆಗೂ ಇದೇ ಮಾತು: ಅಡಿಯಲ್ಲಿ ಸಾಕಷ್ಟು ಮೋರಿ ಬಿಡದಿದ್ದರೆ ಅದೇ ಒಂದು ಒಡ್ಡು.

ಪ್ರಶ್ನೆ: ಪಂಚಗಂಗೆಯ ಮೇಲ್ಭಾಗದಲ್ಲಿ ಮಳೆ ನಿಂತರೂ ನಮ್ಮಲ್ಲಿ ನೀರು ಇಳಿಯುವುದಿಲ್ಲ. ಇದು ನಕಾಶೆಯಲ್ಲಿ ಇರುತ್ತದೆಯೇ?
– ಓದುಗರು, ನೃಸಿಂಹವಾಡಿ

ಉತ್ತರ: ಇರಬೇಕು. ಸಂಗಮದಲ್ಲಿ ಕೃಷ್ಣೆ ತುಂಬಿದ್ದಾಗ ಪಂಚಗಂಗೆಗೆ ಇಳಿಯಲು ಜಾಗವಿಲ್ಲ. ಅಷ್ಟೇ ನೀರು ಹೆಚ್ಚು ಎತ್ತರದಲ್ಲಿ ನಿಲ್ಲುತ್ತದೆ. ಲೆಕ್ಕ ಹಾಕುವಾಗ ಕೆಳತುದಿಯ ಮಟ್ಟವಾಗಿ ಕೃಷ್ಣೆಯ ಪೂರದ ಮಟ್ಟ ಕೊಡದೆ ಪಂಚಗಂಗೆಯೊಂದನ್ನೇ ಹರಿಸಿದ್ದರೆ ರೇಷೆ ತಗ್ಗಿ ಬಿದ್ದಿರುತ್ತದೆ. ಯಾವ ಮಟ್ಟ ಹಿಡಿದಿದ್ದಾರೆಂದು ಲಿಖಿತವಾಗಿ ಕೇಳಿ. ಜತೆಗೆ ನಿಮ್ಮ ಗುರುತುಗಳನ್ನೂ ಕೊಡಿ. ಮನೆಯೊಳಗಿನ ಗೋಡೆಯ ಕೆಸರುಗೆರೆ ಒಳ್ಳೆಯ ಸಾಕ್ಷಿ, ಅಲ್ಲಿ ಅಲೆ ಇರುವುದಿಲ್ಲ. ಮರಕ್ಕೆ ಸಿಕ್ಕ ಕಸ ನಿಜವಾದ ಮಟ್ಟಕ್ಕಿಂತ ಮೇಲೆ ಇರಬಹುದು. ಗೋಡೆ ತೊಳೆಯುವ ಮುಂಚೆ ಗೆರೆಯ ಮೇಲೆ ಬಣ್ಣದಿಂದ ಅಡ್ಡಗೀಟು ಹಾಕಿ, ತಾರೀಖು ಬರೆದು, ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಬೇರೆ ಬೇರೆ ಮನೆಗಳ ಮೂರು ಗೆರೆಗಳಾದರೂ ಇರಲಿ. ಲೆವೆಲ್ ಬೇಸಿಗೆಯಲ್ಲಿ ಹಾಕಿಸಿದರೂ ನಡೆಯುತ್ತದೆ.