ಡೇರೆಯಿಂದ ಹೊರಬರದ ಕ್ರೌಲಿ

ಪ್ರಿಯ ಓದುಗರೇ,

ಇಂಗ್ಲೆಂಡಿನ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಕುರಿತ ನಮ್ಮ ಲೇಖನ ಓದಿ ನೀವು ಬೇಸರದಿಂದ ಬರೆದಿದ್ದೀರಿ. ಹಗರಣಗಳದ್ದೇ ಜಾಸ್ತಿಯಾಯಿತು, ಸಿಲೋನಿಗೆ ಹೋಗಿ ಯೋಗ ಕಲಿತ, ಹೊಸ ಧರ್ಮವನ್ನೇ ಕಟ್ಟಿದ ಮನುಷ್ಯನನ್ನು ಸುಮ್ನೆ ಸೈತಾನನ ಭಕ್ತ ಮಾಡಿಬಿಟ್ಟಿರಿ ಎಂಬುದು ನಿಮ್ಮ ದೂರು.

ಅದರಲ್ಲಿ ಅರ್ಧ ಒಪ್ಪುತ್ತೇನೆ. 'ಜಗತ್ತಿನ ಅತಿ ದುಷ್ಟ ಮನುಷ್ಯ' ಎಂಬ ಹಣೆಪಟ್ಟಿ 1923ರಲ್ಲಿ ಇಂಗ್ಲೆಂಡಿನ 'ಜಾನ್ ಬುಲ್' ಪತ್ರಿಕೆ ಅಂಟಿಸಿದ್ದು. ಅವನು ಕಟ್ಟಿದ ಹೊಸ ಧರ್ಮ, ಥೆಲಿಮಾ ಪಂಥ, ಸೈತಾನನ ಪೂಜೆಯಲ್ಲ. 1904ರಲ್ಲಿ ಕೈರೋದಲ್ಲಿ ಮೂರು ದಿನ ಒಂದು ದನಿ ಹೇಳಿ ಬರೆಸಿತು ಎಂದು ಅವನು ನಂಬಿದ ಪುಸ್ತಕವೇ ಅದರ ಬುನಾದಿ. ತನ್ನ ನಿಜವಾದ ಇಚ್ಛೆ ಯಾವುದೆಂದು ಕಂಡುಕೊಂಡು ಅದರಂತೆ ಬಾಳು ಎನ್ನುತ್ತದೆ ಅದು. ಮನಸ್ಸಿಗೆ ಬಂದಂತೆ ಕುಣಿ ಎನ್ನುವುದಿಲ್ಲ. ಕಟ್ಟುನಿಟ್ಟಾದ ಕ್ರೈಸ್ತ ಮನೆಯಲ್ಲಿ ಬೆಳೆದು, ಹೆತ್ತ ತಾಯಿಯಿಂದಲೇ 'ಮೃಗ' ಅನ್ನಿಸಿಕೊಂಡವನಿಗೆ ಅದು ಎಂಥ ಬಿಡುಗಡೆ, ಅಲ್ವಾ?

ಅದೇ ಪುಸ್ತಕ ಪ್ರತಿ ಗಂಡೂ ಪ್ರತಿ ಹೆಣ್ಣೂ ಒಂದೊಂದು ನಕ್ಷತ್ರ ಎನ್ನುತ್ತದೆ. ಆದರೆ ಮರುವರ್ಷ ಹಿಮಾಲಯದ ಕಾಂಚನಜುಂಗಾದಲ್ಲಿ ಏನಾಯಿತು ನೋಡಿ. 1905ರ ಸೆಪ್ಟೆಂಬರ್ 1. ಹತ್ತುವ ತಂಡಕ್ಕೆ ಕ್ರೌಲಿಯೇ ನಾಯಕ. ಜಗಳವಾಗಿ ಕೆಲವರು ಸಂಜೆ ಹೊತ್ತಲ್ಲಿ ಕೆಳಗಿಳಿಯಲು ಹೊರಟರು. ಈಗ ಇಳಿಯಬೇಡಿ ಎಂದು ಅವನು ಎಚ್ಚರಿಸಿದ್ದ, ಅದನ್ನೂ ಹೇಳಲೇಬೇಕು. ಹಿಮ ಕುಸಿಯಿತು. ಅಲೆಕ್ಸಿಸ್ ಪಾಷ್ ಎಂಬ ಸ್ವಿಸ್ ಯುವಕ ಮತ್ತು ಮೂವರು ಹೊರೆಯಾಳುಗಳು ಹೂತುಹೋದರು. ಕೂಗು ಮೇಲಿನವರೆಗೂ ಕೇಳಿಸಿತು. ಮೇಲೆ ಕ್ರೌಲಿಯ ಜೊತೆಗಿದ್ದ ರೇಮೋನ್ ಇಳಿದು ಹೋದ. ಕ್ರೌಲಿ ಡೇರೆಯಲ್ಲೇ ಉಳಿದ. ಇಂಥ ಅಪಘಾತಕ್ಕೆ ತನಗೆ ಕನಿಕರವೇ ಇಲ್ಲ ಎಂದು ಆಮೇಲೆ ಪತ್ರಿಕೆಗೆ ಬರೆದ ಕೂಡ. ಇದು ಶತ್ರುಗಳು ಕಟ್ಟಿದ ಕತೆಯಲ್ಲ, ಅವನದೇ ಬರಹ. ಹೊಟ್ಟೆಪಾಡಿಗೆ ಹೊರೆ ಹೊತ್ತ ಆ ಮೂವರು ನಕ್ಷತ್ರಗಳಾಗಿರಲಿಲ್ಲವೇ? ನನಗೆ ಅವನ ಯಾವ ಮಾಟಮಂತ್ರಕ್ಕಿಂತ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಇಟಲಿಯ ಸಿಸಿಲಿ ದ್ವೀಪದಲ್ಲಿ ಅವನು ನಡೆಸುತ್ತಿದ್ದ ಚೆಫಾಲೂ ಆಶ್ರಮದಲ್ಲೂ 1923ರಲ್ಲಿ ಶಿಷ್ಯನೊಬ್ಬ ಕಾಯಿಲೆಯಿಂದ ಸತ್ತ. ಮುಸೊಲಿನಿ ಸರ್ಕಾರ ಕ್ರೌಲಿಯನ್ನು ದೇಶದಿಂದ ಹೊರಗಟ್ಟಿತು. 1947ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ತೀರಿಕೊಳ್ಳುವಾಗ ಕೈಯಲ್ಲಿ ಹೆಚ್ಚು ಕಾಸಿರಲಿಲ್ಲ, ಹೆರಾಯಿನ್ ಚಟ ಬಿಟ್ಟಿರಲಿಲ್ಲ.

ಅವನ ಕಲ್ಪನೆಗೆ ಕಲಾವಿದೆ ಫ್ರೀಡಾ ಹ್ಯಾರಿಸ್ ಬಣ್ಣ ಕೊಟ್ಟ, ಭವಿಷ್ಯ ನೋಡಲು ಬಳಸುವ ಥಾತ್ ಟ್ಯಾರೋ ಕಾರ್ಡುಗಳು ಈಗಲೂ ಮಾರಾಟವಾಗುತ್ತಿವೆ. ನಿಜಕ್ಕೂ ಸುಂದರ ಚಿತ್ರಗಳು. ನಮ್ಮ ಲೇಖನ ಅವುಗಳಿಗೆ ಎರಡೇ ಸಾಲು ಕೊಟ್ಟಿತ್ತು, ಅದು ಸಾಲದು. ಅವುಗಳ ಬಗ್ಗೆ ನೀವೇ ಬರೆದು ಕಳಿಸಿ. ಪೂರ್ತಿ ಎರಡು ಪುಟ ಕೊಡುತ್ತೇವೆ.