ಸಹಿಗೆ ಮೊದಲು ಸಾಕ್ಷಿ

ಹಳೆಯ ಸಂಚಿಕೆಯನ್ನು ಕಾಮಿಕ್ಸ್ ಸಮಾವೇಶಕ್ಕೆ ಒಯ್ದು, ಚಿತ್ರಕಾರರಿಂದ ಸಹಿ ಹಾಕಿಸಿಕೊಂಡು, ಆಮೇಲೆ ನಿಧಾನವಾಗಿ ಸಿಜಿಸಿ (ಕಾಮಿಕ್ಸ್‌ನ ಸ್ಥಿತಿ ಪರಿಶೀಲಿಸಿ ಅಂಕ ಕೊಡುವ ಸಂಸ್ಥೆ) ಗ್ರೇಡಿಂಗಿಗೆ ಕಳುಹಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಕ್ರಮದಲ್ಲಿ ಮಾಡಬೇಡಿ. ಸಹಿ ಅಸಲಿ ಎಂದು ದೃಢಪಡಿಸುವ ಸಿಗ್ನೇಚರ್ ಸೀರೀಸ್‌ನ ಹಳದಿ ಲೇಬಲ್ ಬೇಕಿದ್ದರೆ, ಸಹಿ ಬೀಳುವ ಕ್ಷಣವನ್ನು ಸಿಜಿಸಿಯ ಅಧಿಕೃತ ಸಾಕ್ಷಿಯೊಬ್ಬರು ಕಣ್ಣಾರೆ ಕಂಡಿರಬೇಕು. ಸಾಕ್ಷಿಯಿಲ್ಲದ ಸಹಿ ಅಸಲಿಯಾದರೂ ಮುಖಪುಟದ ಮೇಲಿನ ಗೀಚು ಎಂದು ಎಣಿಕೆಯಾಗಿ, ದೋಷವಿದೆ ಎಂದು ಸೂಚಿಸುವ ಹಸಿರು ಲೇಬಲ್ ಬರುವ ಸಾಧ್ಯತೆ ಇದೆ. ಆದ್ದರಿಂದ ಒಳಗೆ ಹೋದ ಕೂಡಲೇ ಸಿಜಿಸಿ ಮಳಿಗೆಯಲ್ಲಿ ಸಾಕ್ಷಿಯ ಏರ್ಪಾಡು ಮಾಡಿಕೊಂಡು, ನಂತರವೇ ಸಾಲಿನಲ್ಲಿ ನಿಲ್ಲಿ. ಎಲ್ಲ ಸಮಾವೇಶಗಳಿಗೂ ಅವರು ಬರುವುದಿಲ್ಲ, ಮೊದಲೇ ವಿಚಾರಿಸಿ.

ಮಾರುವ ಯೋಚನೆಯೇ ಇಲ್ಲದಿದ್ದರೆ ಈ ಯಾವ ತಲೆನೋವೂ ಬೇಡ. ನನ್ನ ಬಳಿಯಿರುವ ಸಹಿಗಳಲ್ಲಿ ಹೆಚ್ಚಿನವು ಲೇಬಲ್ ಇಲ್ಲದವೇ, ಅವನ್ನು ನಾನು ಯಾರಿಗೂ ಕೊಡುವುದಿಲ್ಲ.

ನಿಜವಾದ ಅಪಾಯ ಇರುವುದು ಪುಸ್ತಕ ಇಟ್ಟಿರುವ ಪ್ಲಾಸ್ಟಿಕ್ ಚೀಲದ ಬಾಯಿಗೆ ಅಂಟಿಸಿದ ಟೇಪಿನಲ್ಲಿ. ಪುಸ್ತಕವನ್ನು ಹೊರಗೆಳೆಯುವಾಗ ಅದು ಮುಖಪುಟಕ್ಕೆ ತಗುಲಿ, ಉಗುರಿನಷ್ಟು ಬಣ್ಣವನ್ನು ಕಿತ್ತುಕೊಂಡು ಬರುತ್ತದೆ. ನನಗೆ ಹಾಗಾಗಿದೆ, ಇಂದಿಗೂ ಹೊಟ್ಟೆ ಉರಿಯುತ್ತದೆ. ಮನೆಯಲ್ಲೇ ಟೇಪನ್ನು ಪೂರ್ತಿ ಕಿತ್ತುಹಾಕಿ, ಚೀಲದ ಬಾಯಿಯನ್ನು ಸುಮ್ಮನೆ ಮಡಚಿಕೊಂಡು ಹೋಗಿ. ಚೀಲದೊಳಗೆ ಪುಸ್ತಕದ ಹಿಂದೆ ಆಸರೆಗೆ ಇಡುವ ರಟ್ಟು ಆಮ್ಲರಹಿತವಾಗಿರಲಿ. ಸಹಿ ಎಲ್ಲಿ ಬೇಕೆಂದು ಚಿತ್ರಕಾರರಿಗೆ ಬೆರಳಿಟ್ಟು ತೋರಿಸಿ. ಕಪ್ಪು ಹಿನ್ನೆಲೆಯಾದರೆ ಬೆಳ್ಳಿ ಬಣ್ಣದ ಪೆನ್ನು ನಿಮ್ಮ ಜೇಬಿನಲ್ಲಿರಲಿ. ನುಣುಪು ಕಾಗದದ ಮೇಲೆ ಶಾಯಿ ಬೇಗ ಒಣಗುವುದಿಲ್ಲ. ಕೆಲವು ನಿಮಿಷ ತೆರೆದೇ ಹಿಡಿದುಕೊಂಡಿದ್ದು, ಆಮೇಲೆ ಚೀಲಕ್ಕೆ ಸೇರಿಸಿ.